ತಮಿಳುನಾಡಿನ ಕೈಗಾರಿಕಾ ಊರು ಹೊಸೂರು ಬೆಳೆದದ್ದು ಸರ್ಕಾರದ ಹಣದಿಂದಲೋ, ಕಂಪನಿಗಳ ಹಣದಿಂದಲೋ?

ಎರಡರಿಂದಲೂ. ಆದರೆ ಸರ್ಕಾರದ ಹಣ ಮೊದಲು ಬಂತು, ನನ್ನ ಪ್ರಕಾರ ಗುಟ್ಟು ಇರುವುದೇ ಅಲ್ಲಿ.

ಕಂಪನಿಯೊಂದು ತಾನೇ ಜಮೀನು ಒಟ್ಟುಮಾಡಿ, ರಸ್ತೆ ಹಾಕಿಸಿ, ಕರೆಂಟು, ನೀರು ತರಿಸಬೇಕೆಂದರೆ ಯಂತ್ರ ಕೊಳ್ಳುವ ಮೊದಲೇ ಬಂಡವಾಳ ಕರಗಿಹೋಗುತ್ತದೆ. 1970ರ ದಶಕದಲ್ಲಿ ಆ ಖರ್ಚನ್ನು ಸಿಪ್‌ಕಾಟ್, ಅಂದರೆ ತಮಿಳುನಾಡು ಸರ್ಕಾರದ ಕೈಗಾರಿಕಾ ಪ್ರದೇಶ ನಿಗಮ, ಹೊತ್ತುಕೊಂಡಿತು. ಬೆಂಗಳೂರು ಸುಮಾರು 40 ಕಿ.ಮೀ. ದೂರ ಅಷ್ಟೆ. ಅಶೋಕ್ ಲೇಲ್ಯಾಂಡ್, ಟಿವಿಎಸ್ ಬಂದವು. 1984ರಲ್ಲಿ ಶುರುವಾದ ಟೈಟನ್‌ನಲ್ಲಂತೂ ಟಾಟಾ ಜೊತೆ ಸರ್ಕಾರಿ ಸಂಸ್ಥೆ ಟಿಡ್ಕೋ ನೇರ ಪಾಲುದಾರ.

ಮುಂದಿನದು ಸರಪಳಿ. ಲಾರಿ ಕಾರ್ಖಾನೆಗೆ ಬೋಲ್ಟು, ಬುಷ್ ಬೇಕು. ಅದಕ್ಕೆ ನಾಲ್ಕೈದು ಜನರ ಲೇತ್ ಶೆಡ್‌ಗಳು ಏಳುತ್ತವೆ. ಆ ಹುಡುಗರಿಗೆ ಬಾಡಿಗೆ ರೂಮು, ಮೆಸ್ಸಿನ ಊಟ ಬೇಕು. ಒಬ್ಬರ ಸಂಬಳ ಇನ್ನೊಬ್ಬರ ವ್ಯಾಪಾರವಾಗುತ್ತದೆ.

ಆದರೆ ಈ ಸರಪಳಿ ತಾನಾಗಿ ದೂರ ಹೋಗುವುದಿಲ್ಲ. ತಳಿ, ದೇಂಕಣಿಕೋಟೆ ಕಡೆಯ ನಮ್ಮ ಕನ್ನಡದ ಹಳ್ಳಿಗಳಲ್ಲಿ ಇಂದಿಗೂ ರಾಗಿ ಹೊಲಗಳೇ ಕಾಣುತ್ತವೆ. ಮಕ್ಕಳು ಕೆಲಸಕ್ಕೆ ಹೊಸೂರಿನ ಬಸ್ಸು ಹತ್ತುತ್ತಾರೆ. ಅಲ್ಲಿಗೂ ಒಳ್ಳೆಯ ರಸ್ತೆ, ತರಬೇತಿ ಕೇಂದ್ರಕ್ಕೆ ಸರ್ಕಾರವೇ ಮೊದಲು ದುಡ್ಡು ಹಾಕಬೇಕು.