ಪಿಆರ್ ಹಾಕಿ ಮೂರು ದಿನವಾದರೂ ಯಾರೂ ನೋಡಲ್ಲ, ಏನು ಮಾಡಲಿ?

ಪ್ರಶ್ನೆ: ನಮ್ಮದು ಎಂಟು ಜನರ ಟೀಮ್. ನಾನು ಈಚೆಗೆ ಲೀಡ್ ಆದವನು. ಯಾರೇ ಪುಲ್ ರಿಕ್ವೆಸ್ಟ್ (ಪಿಆರ್, ಅಂದರೆ ತಾನು ಬದಲಿಸಿದ ಕೋಡನ್ನು ನೋಡಿ ಮೂಲ ಕೋಡಿಗೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಹಾಕಿದರೂ ಉಳಿದ ಏಳೂ ಜನರನ್ನು ರಿವ್ಯೂಗೆ ಸೇರಿಸುತ್ತಾರೆ. ಆದರೂ ಎರಡು–ಮೂರು ದಿನ ಯಾರೂ ಅದನ್ನು ಮುಟ್ಟುವುದಿಲ್ಲ. ಕೊನೆಗೆ ಒಬ್ಬ ಸೀನಿಯರ್ ಕೂತು ಎಲ್ಲವನ್ನೂ ನೋಡಬೇಕು. ಮಿಕ್ಕವರು ಸುಮ್ನೆ ಅಪ್ರೂವ್ ಒತ್ತುತ್ತಾರೆ, ಇಲ್ಲವೇ ವೇರಿಯಬಲ್ ಹೆಸರಿಗೆ ಜಗಳ ಆಡುತ್ತಾರೆ. ಇಬ್ಬರು ಅಪ್ರೂವ್ ಮಾಡಲೇಬೇಕು ಅಂತ ನಿಯಮ ತಂದರೆ ಸರಿಹೋಗುತ್ತಾ?

ಉತ್ತರ: ಇಲ್ಲ, ಇನ್ನೂ ನಿಧಾನ ಆಗುತ್ತದೆ. ಒಬ್ಬರೇ ಸಿಗದ ಕಡೆ ಇಬ್ಬರನ್ನು ಎಲ್ಲಿಂದ ತರುತ್ತೀರಿ? ಏಳು ಜನರ ಹೆಸರು ಹಾಕಿದಾಗ ಪ್ರತಿಯೊಬ್ಬರೂ "ಇನ್ಯಾರೋ ನೋಡ್ತಾರೆ ಬಿಡು" ಅಂದುಕೊಳ್ಳುತ್ತಾರೆ. ಒಂದು ಪಿಆರ್‌ಗೆ ಒಬ್ಬರ ಹೆಸರು ಸಾಕು. ಗೂಗಲ್‌ನವರು ತಮ್ಮ ರಿವ್ಯೂ ಪದ್ಧತಿಯ ಬಗ್ಗೆ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿ ಒಬ್ಬರಿಗಿಂತ ಜಾಸ್ತಿ ರಿವ್ಯೂ ಮಾಡುವವರಿದ್ದ ಬದಲಾವಣೆಗಳು ಶೇ. 25ಕ್ಕಿಂತ ಕಡಿಮೆ. ಅಷ್ಟು ದೊಡ್ಡ ಕಂಪನಿಗೆ ಒಬ್ಬರು ಸಾಕಾದರೆ ನಿಮಗೂ ಸಾಕು. ಲಾಗಿನ್, ಹಣದ ವ್ಯವಹಾರದಂಥ ಸೂಕ್ಷ್ಮ ಜಾಗಗಳಿಗೆ ಮಾತ್ರ ಇಬ್ಬರನ್ನು ಇಡಿ.

ಯಾರಿಗೆ ಕೊಡಬೇಕು ಅನ್ನುವುದನ್ನು ನೀವೇ ಕೂತು ಹಂಚಬೇಕಿಲ್ಲ. ಕೋಡ್ ಇಟ್ಟು ರಿವ್ಯೂ ಮಾಡುವ ತಾಣವಾದ ಗಿಟ್‌ಹಬ್‌ನಲ್ಲಿ ಟೀಮಿನ ಹೆಸರಿಗೆ ಬಂದ ರಿವ್ಯೂವನ್ನು ಸರದಿ ಪ್ರಕಾರ ಅಥವಾ ಕೈಯಲ್ಲಿರುವ ಕೆಲಸ ನೋಡಿ ತಾನೇ ಹಂಚುವ ಸೌಲಭ್ಯ ಇದೆ. ಯಾವ ಕೋಡಿಗೆ ಯಾರು ಹೊಣೆ ಅಂತ ಬರೆದಿಡುವ ಕೋಡ್‌ಓನರ್ಸ್ ಫೈಲ್ ಬಳಸುತ್ತಿದ್ದರೆ ಒಮ್ಮೆ ತೆರೆದು ನೋಡಿ. ಪ್ರತಿ ಫೋಲ್ಡರ್ ಮುಂದೆಯೂ ನಿಮ್ಮ ಸೀನಿಯರ್ ಹೆಸರೇ ಇದ್ದರೆ, ಅರ್ಧ ರೋಗ ಅಲ್ಲೇ ಇದೆ.

ಇನ್ನು ಸಮಯ. ಗೂಗಲ್ ತನ್ನ ಇಂಜಿನಿಯರುಗಳಿಗೆ ಹೇಳುವುದು ಇಷ್ಟು: ಮೊದಲ ಉತ್ತರ ಹೆಚ್ಚೆಂದರೆ ಒಂದು ಕೆಲಸದ ದಿನದೊಳಗೆ ಹೋಗಬೇಕು, ಆದರೆ ತಲೆ ಕೊಟ್ಟು ಕೋಡ್ ಬರೆಯುತ್ತಿರುವಾಗ ಅದನ್ನು ಬಿಟ್ಟು ಏಳಬೇಕಿಲ್ಲ. ಇದು ಒಳ್ಳೆಯ ಅಳತೆ. ಬೆಳಿಗ್ಗೆ ಸ್ವಂತ ಕೆಲಸ ಶುರು ಮಾಡುವ ಮೊದಲು ಒಂದು ಸಲ, ಊಟ ಆದಮೇಲೆ ಒಂದು ಸಲ ರಿವ್ಯೂ ನೋಡುವ ರೂಢಿ ಮಾಡಿ. "ಇವತ್ತು ಆಗಲ್ಲ, ನಾಳೆ ಹನ್ನೊಂದರೊಳಗೆ ನೋಡ್ತೀನಿ" ಅನ್ನುವುದೂ ಉತ್ತರವೇ. ಕಾಯುವವರಿಗೆ ಕಷ್ಟ ಆಗುವುದು ತಡದಿಂದಲ್ಲ, ಸುದ್ದಿಯೇ ಇಲ್ಲದ್ದರಿಂದ.

ಈಗ ನೀವು ಕೇಳದೇ ಇದ್ದದ್ದು: ನಿಮ್ಮ ಪಿಆರ್‌ಗಳು ಎಷ್ಟು ದೊಡ್ಡವು? ನನ್ನ ಅನುಮಾನವೆಲ್ಲ ಅದರ ಮೇಲೇ. ನಲವತ್ತು ಸಾಲಿಗೆ ಹತ್ತು ಕಮೆಂಟ್ ಬರುತ್ತವೆ, ಒಂಬೈನೂರು ಸಾಲಿಗೆ "ಚೆನ್ನಾಗಿದೆ" ಅಂತ ಒಂದೇ ಬರುತ್ತದೆ. ಓದುವವರ ಸೋಮಾರಿತನ ಅಲ್ಲ ಅದು, ಅಷ್ಟನ್ನು ಒಂದೇ ಸಲ ತಲೆಯಲ್ಲಿ ಹಿಡಿಯಲು ಆಗುವುದಿಲ್ಲ. ಗೂಗಲ್‌ನ ಅದೇ ಅಧ್ಯಯನದಲ್ಲಿ ಬದಲಾದ ಸಾಲುಗಳ ಮಧ್ಯಮ ಸಂಖ್ಯೆ (ಮೀಡಿಯನ್, ಅಂದರೆ ಸುಮಾರು ಅರ್ಧ ಬದಲಾವಣೆಗಳು ಇದಕ್ಕಿಂತ ಚಿಕ್ಕವು) ಕೇವಲ 24. ನಿಮಗೆ ಅಷ್ಟು ಚಿಕ್ಕದು ಬೇಡ. ನೂರು–ಇನ್ನೂರರ ಒಳಗೆ ಇಟ್ಟರೂ ವ್ಯತ್ಯಾಸ ಕಾಣುತ್ತದೆ.

"ನಮ್ಮ ಕೆಲಸ ಒಡೆಯೋಕೆ ಬರಲ್ಲ" ಅಂತ ಟೀಮಿನವರು ಹೇಳುತ್ತಾರೆ. ಬಹುತೇಕ ಬರುತ್ತದೆ. ಫೈಲ್ ಸ್ಥಳಾಂತರ, ಹೆಸರು ಬದಲಾವಣೆ, ರಿಫ್ಯಾಕ್ಟರಿಂಗ್ (ಕೆಲಸ ಬದಲಾಗದಂತೆ ಕೋಡ್ ಒಪ್ಪ ಮಾಡುವುದು) ಒಂದು ಪಿಆರ್. ಪ್ರೋಗ್ರಾಂ ನಡೆದುಕೊಳ್ಳುವ ರೀತಿ ಬದಲಿಸುವುದು ಇನ್ನೊಂದು. ಡೇಟಾಬೇಸ್‌ಗೆ ಹೊಸ ಕಾಲಮ್ ಸೇರಿಸುವುದು ಮೊದಲು, ಅದನ್ನು ಬಳಸುವ ಕೋಡ್ ಆಮೇಲೆ. ಅರ್ಧಂಬರ್ಧ ಇರುವ ಫೀಚರ್ ಆದರೆ ಫ್ಲ್ಯಾಗ್ (ಫೀಚರನ್ನು ಆನ್–ಆಫ್ ಮಾಡುವ ಸ್ವಿಚ್) ಹಿಂದೆ ಮುಚ್ಚಿಟ್ಟು ಮರ್ಜ್ ಮಾಡಿ, ಅಂದರೆ ಮೂಲ ಕೋಡಿಗೆ ಸೇರಿಸಿ. ವಿವರಣೆಯಲ್ಲಿ ಯಾಕೆ ಮಾಡಿದ್ದು, ಹೇಗೆ ಟೆಸ್ಟ್ ಮಾಡಿದ್ದು, ಎಲ್ಲಿ ಕಣ್ಣಿಟ್ಟು ನೋಡಬೇಕು ಅಂತ ನಾಲ್ಕು ಸಾಲು ಇರಲಿ.

ಹೆಸರಿನ ಜಗಳ ಬೇಗ ಮುಗಿಯುವಂಥದ್ದು. ಸ್ಪೇಸ್, ಬ್ರಾಕೆಟ್, ಸಾಲಿನ ಉದ್ದವನ್ನೆಲ್ಲ ಫಾರ್ಮ್ಯಾಟರ್, ಲಿಂಟರ್‌ನಂಥ, ಕೋಡನ್ನು ತಾವೇ ತಿದ್ದುವ, ತಪ್ಪು ತೋರಿಸುವ ಟೂಲ್‌ಗಳಿಗೆ ಬಿಡಿ. ಯಂತ್ರ ಹೇಳಿದರೆ ಯಾರಿಗೂ ಬೇಜಾರಾಗಲ್ಲ. ಉಳಿದ ಚಿಲ್ಲರೆ ಸಲಹೆಗಳ ಮುಂದೆ "ನಿಟ್" (ಸಣ್ಣ ಕೊಂಕು) ಅಂತ ಹಾಕಲಿ. ಹಾಗೆ ಹಾಕಿದ್ದಕ್ಕೆ ಮರ್ಜ್ ನಿಲ್ಲಬಾರದು.

ನಿಜವಾದ ಕಮೆಂಟ್ ಹೇಗಿರುತ್ತದೆ ನೋಡಿ. "ಈ ರಿಟ್ರೈ (ಮರುಪ್ರಯತ್ನ) ಸರಿಯಿಲ್ಲ" ಅಂದರೆ ಬರೆದವರಿಗೆ ಏನೂ ಸಿಗಲಿಲ್ಲ. ಬದಲಿಗೆ: "ಪೇಮೆಂಟ್ ಸರ್ವರ್ ದುಡ್ಡು ಕಡಿತ ಮಾಡಿದಮೇಲೆ ಉತ್ತರ ಬರುವಷ್ಟರಲ್ಲಿ ಟೈಮ್‌ಔಟ್ ಆದರೆ, ಈ ಲೂಪ್ ಎರಡನೇ ಸಲ ಕಳಿಸುತ್ತದೆ. ಗ್ರಾಹಕರ ದುಡ್ಡು ಎರಡು ಸಲ ಹೋಗುತ್ತದೆ ಅಲ್ವಾ? ಮರುಪ್ರಯತ್ನದಲ್ಲೂ ಅದೇ ಗುರುತಿನ ಸಂಖ್ಯೆ ಹೋದರೆ ಇದು ಹಳೇ ಕೋರಿಕೆಯೇ ಅಂತ ಸರ್ವರ್‌ಗೆ ಗೊತ್ತಾಗುತ್ತದೆ." ಯಾವಾಗ ಕೆಡುತ್ತದೆ, ಕೆಟ್ಟರೆ ಏನಾಗುತ್ತದೆ, ಏನು ಮಾಡಬಹುದು, ಮೂರೂ ಇದರಲ್ಲಿವೆ. ಒಂದೇ ವಿಷಯಕ್ಕೆ ಮೂರು ಸುತ್ತು ಉತ್ತರ–ಪ್ರತ್ಯುತ್ತರ ಆಯಿತೆಂದರೆ ಟೈಪ್ ಮಾಡುವುದು ನಿಲ್ಲಿಸಿ, ಕಾಲ್ ಮಾಡಿ. ತೀರ್ಮಾನವನ್ನು ಮಾತ್ರ ಪಿಆರ್‌ನಲ್ಲಿ ಬರೆದಿಡಿ.

ಸೀನಿಯರ್ ವಿಷಯದಲ್ಲಿ ಸ್ವಲ್ಪ ಧೈರ್ಯ ಬೇಕು. ಮೊದಲ ರಿವ್ಯೂ ಆ ಕೋಡ್ ಗೊತ್ತಿಲ್ಲದವರಿಗೇ ಹೋಗಲಿ, ಕೆಲವು ವಾರ ಸೀನಿಯರ್ ಆಮೇಲೆ ಬಂದು ತಪ್ಪಿಹೋದದ್ದನ್ನು ತೋರಿಸಲಿ. ಮೈಕ್ರೋಸಾಫ್ಟ್‌ನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದೇ ಕಂಡಿತು: ಜನ ರಿವ್ಯೂ ಮಾಡುವುದು ಬಗ್ ಹುಡುಕಲು ಅಂದುಕೊಂಡು, ಆದರೆ ಬಗ್‌ಗಳು ನಿರೀಕ್ಷಿಸಿದಷ್ಟು ಸಿಗುವುದಿಲ್ಲ, ತಿಳಿವಳಿಕೆ ಹಂಚಿಕೆಯಂಥ ಲಾಭಗಳು ಸಿಗುತ್ತವೆ. ಎಲ್ಲವನ್ನೂ ಸೀನಿಯರ್ ಒಬ್ಬರೇ ನೋಡಿದರೆ ಆ ಲಾಭ ಯಾರಿಗೆ ಸಿಕ್ಕಿತು?

ಯಾರು ಎಷ್ಟು ಕಮೆಂಟ್ ಹಾಕಿದರು, ಯಾರ ಕೋಡಿನಲ್ಲಿ ಎಷ್ಟು ತಪ್ಪು ಸಿಕ್ಕಿತು ಅಂತ ಎಣಿಸಿ ಅಪ್ರೈಸಲ್‌ಗೆ ಒಯ್ಯಬೇಡಿ. 1976ರಲ್ಲಿ ಐಬಿಎಂನ ಮೈಕೆಲ್ ಫೇಗನ್ ಕೋಡ್ ಪರಿಶೀಲನೆಯ ಬಗ್ಗೆ ಬರೆದಾಗಲೇ ಈ ಎಚ್ಚರಿಕೆ ಕೊಟ್ಟಿದ್ದರು. ಹಾಗೆ ಎಣಿಸಿದರೆ ಜನ ತಪ್ಪು ಮುಚ್ಚಿಡುತ್ತಾರೆ.

ಪ್ರಶ್ನೆ: ರಾತ್ರಿ ಹೊತ್ತು ಪ್ರೊಡಕ್ಷನ್ (ಗ್ರಾಹಕರು ಬಳಸುವ ಸಿಸ್ಟಮ್) ಬಿದ್ದರೆ ರಿವ್ಯೂಗೆ ಕಾಯಬೇಕಾ?

ಉತ್ತರ: ಎಚ್ಚರ ಇರುವ ಇನ್ನೊಬ್ಬರಿಗೆ ಸ್ಕ್ರೀನ್ ಶೇರ್ ಮಾಡಿ ತೋರಿಸಿ, ಮರ್ಜ್ ಮಾಡಿ. ಯಾರೂ ಸಿಗದಿದ್ದರೆ ಹೊಸ ಕೋಡ್ ಹಾಕುವುದಕ್ಕಿಂತ ಹಿಂದಿನ ಆವೃತ್ತಿಗೆ ವಾಪಸ್ ಹೋಗುವುದು ವಾಸಿ, ಅದಕ್ಕೆ ದಾರಿ ಇದ್ದರೆ. ಮಾರನೇ ದಿನ ಅದೇ ಪಿಆರ್ ಮಾಮೂಲಿ ಸರದಿಯಲ್ಲಿ ರಿವ್ಯೂಗೆ ಬರಲಿ. ವಾರಕ್ಕೆ ಎರಡು ಸಲ ಹೀಗೆ "ತುರ್ತು" ಬರುತ್ತಿದ್ದರೆ ಮಾತ್ರ, ಅದು ನಿಜವಾಗಿ ತುರ್ತೋ ಅಥವಾ ರಿವ್ಯೂ ತಪ್ಪಿಸುವ ದಾರಿಯೋ ಅಂತ ವಿಚಾರಿಸಿ.