ಹಳೇ ಪಾಠದ ತಪ್ಪಲ್ಲ, ಪರೀಕ್ಷೆಯದು

ಮಾನ್ವಿಯ ಓದುಗರೊಬ್ಬರು ಬರೆದಿದ್ದಾರೆ: ‘ನಾನು ಹತ್ತಿ ಬೆಳೆಯುವವನು. ಮಗಳು ರಾಯಚೂರಿನಲ್ಲಿ ಬಿಇ ಕಂಪ್ಯೂಟರ್ ಸೈನ್ಸ್ ಓದುತ್ತಿದ್ದಾಳೆ. ಎಐ ಅಂತ ಎಂಟು ಬಿಲ್ಲೆಗಳನ್ನು ಸರಿಸಿ ಜೋಡಿಸುವ ಪಜಲ್, ಎ-ಸ್ಟಾರ್ ಅನ್ನೋ ದಾರಿ ಹುಡುಕುವ ವಿಧಾನ ಕಲಿಸುತ್ತಾರಂತೆ. ಜಗತ್ತೆಲ್ಲ ಚಾಟ್‌ಜಿಪಿಟಿ ಅನ್ನುವಾಗ ಈ ಹಳೇದು ಯಾಕೆ? ಎಐ ಬ್ರ್ಯಾಂಚಿಗೇ ಸೇರಿಸಬೇಕಿತ್ತಾ?’

ಸರ್, ಬ್ರ್ಯಾಂಚಿನ ಚಿಂತೆ ಬಿಡಿ. ಐಐಟಿ ಹೈದರಾಬಾದ್ 2019ರಲ್ಲಿ ಎಐಗೇ ಬೇರೆ ಬಿಟೆಕ್ ಶುರು ಮಾಡಿತು, ಈಗ ಎಷ್ಟೋ ಕಾಲೇಜುಗಳಲ್ಲಿ ಆ ಬೋರ್ಡ್ ಇದೆ. ಆದರೆ ಗಣಿತ, ಪ್ರೋಗ್ರಾಮಿಂಗ್, ಡೇಟಾ ಸ್ಟ್ರಕ್ಚರ್ (ಮಾಹಿತಿ ಜೋಡಿಸಿಡುವ ವಿಧಾನ) ಯಾವ ಬ್ರ್ಯಾಂಚಾದರೂ ಕಲಿಯಲೇಬೇಕು.

ಇನ್ನು ಹಳೇದು ಅಂದಿರಿ. ಎ-ಸ್ಟಾರ್ 1968ರದು, ಶೇಕಿ ಅನ್ನೋ ರೋಬೋ ದಾರಿ ಹುಡುಕಲಿ ಅಂತ ಮಾಡಿದ್ದು, ಇವತ್ತಿಗೂ ವಿಡಿಯೋ ಗೇಮ್‌ಗಳಲ್ಲಿ ಬಳಕೆಯಲ್ಲಿದೆ. ಚಾಟ್‌ಜಿಪಿಟಿಯ ಬೇರೂ ಅಷ್ಟೇ ಹಳೇದು: ಮೆದುಳಿನ ನರಕೋಶದ ಮಾದರಿಯಲ್ಲಿ ಕಲಿಯುವ ಪರ್ಸೆಪ್ಟ್ರಾನ್ ಬಂದದ್ದು 1958ರಲ್ಲಿ. ಚಾಟ್‌ಜಿಪಿಟಿಯ ಒಳಗಿರುವ, 2017ರ ಟ್ರಾನ್ಸ್‌ಫಾರ್ಮರ್ ಅನ್ನೋ ರಚನೆ ಅರ್ಥವಾಗಬೇಕಾದರೂ ಮ್ಯಾಟ್ರಿಕ್ಸ್, ಪ್ರಾಬಬಿಲಿಟಿ ಬರಲೇಬೇಕು.

ನನ್ನ ತಕರಾರು ಇರುವುದು ಪರೀಕ್ಷೆಯ ಮೇಲೆ. ‘ಎ-ಸ್ಟಾರ್ ವಿವರಿಸಿ, 10 ಅಂಕ’ ಅಂದರೆ ಮಕ್ಕಳು ಬಾಯಿಪಾಠ ಮಾಡುತ್ತಾರೆ, ಲ್ಯಾಬ್ ರೆಕಾರ್ಡು ಸೀನಿಯರ್‌ಗಳಿಂದ ಬರುತ್ತದೆ, ಈಗಂತೂ ಕೋಡನ್ನು ಚಾಟ್‌ಜಿಪಿಟಿಯೇ ಬರೆದುಕೊಡುತ್ತದೆ. ಮಾಡಿದ್ದು ಎಲ್ಲಿ ತಪ್ಪುತ್ತದೆ ಅಂತ ಯಾರೂ ಕೇಳಲ್ಲ. ಎಐನಲ್ಲಿ ಕಲಿಯಬೇಕಾದ್ದೇ ಅದು, ಅಲ್ವಾ?

ನಿಮ್ಮ ಹೊಲದಿಂದಲೇ ಶುರು ಮಾಡಬಹುದು. ಮಗಳು ಮೊಬೈಲಿನಲ್ಲಿ ಹತ್ತಿ ಎಲೆಗಳ ಫೋಟೋ ತೆಗೆಯಲಿ, ಯಾವುದಕ್ಕೆ ರೋಗ ಇದೆ ಅಂತ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವರನ್ನು ಕೇಳಿ ಗುರುತು ಹಾಕಿಕೊಳ್ಳಲಿ. ದೊಡ್ಡ ಯಂತ್ರ ಬೇಡ, ಬೇರೆ ಫೋಟೋಗಳಿಂದ ಮೊದಲೇ ಕಲಿತ ಸಣ್ಣ ಮಾಡೆಲ್ಲಿನ (ಫೋಟೋ ಗುರುತಿಸುವ ಪ್ರೋಗ್ರಾಮಿನ) ಕೊನೇ ಪದರವನ್ನಷ್ಟೇ, ಅಂದರೆ ಉತ್ತರ ಹೇಳುವ ಭಾಗವನ್ನಷ್ಟೇ, ಹೊಸದಾಗಿ ಕಲಿಸಿದರೆ ಸಾಕು, ಸಾಮಾನ್ಯ ಲ್ಯಾಪ್‌ಟಾಪಿನಲ್ಲೇ ಆಗುತ್ತದೆ. ಆಮೇಲೆ ಮಜಾ ನೋಡಿ. 100 ಎಲೆಗಳಲ್ಲಿ 5ಕ್ಕೆ ಮಾತ್ರ ರೋಗ ಇದ್ದರೆ, ಸುಮ್ನೆ ಎಲ್ಲವನ್ನೂ ‘ಚೆನ್ನಾಗಿದೆ’ ಅನ್ನುವ ಪ್ರೋಗ್ರಾಮಿಗೂ 95 ಅಂಕ ಬರುತ್ತದೆ, ಹಿಡಿದ ರೋಗ ಮಾತ್ರ ಸೊನ್ನೆ! ರೋಗದ ಎಲೆಗಳನ್ನೆಲ್ಲ ಮಧ್ಯಾಹ್ನದ ಬಿಸಿಲಲ್ಲೇ ತೆಗೆದಿದ್ದರೆ ಅದು ರೋಗದ ಬದಲು ಬಿಸಿಲನ್ನು ಗುರುತಿಸೋದನ್ನ ಕಲಿತಿರುತ್ತದೆ. ಕಲಿಸಿದ್ದೂ ಪರೀಕ್ಷಿಸಿದ್ದೂ ಒಂದೇ ಗಿಡದ ಫೋಟೋಗಳಾದರೆ ಅಂಕ ಸುಳ್ಳೇ ಉಬ್ಬುತ್ತದೆ, ಪಕ್ಕದ ಹೊಲಕ್ಕೆ ಹೋದರೆ ಬಣ್ಣ ಬಯಲು. ಇದನ್ನೆಲ್ಲ ಕಂಡುಹಿಡಿದು ಬರೆದವರಿಗೆ ಅಂಕ ಕೊಡಲಿ, ಪ್ರೋಗ್ರಾಮ್ ಸೋತಿದ್ದರೂ ಸರಿ.

ಹಾಂ, ಕೊನೇ ವರ್ಷ ಮಗಳು ‘ಅಪ್ಪಾ, ಪ್ರಾಜೆಕ್ಟಿಗೆ ದುಡ್ಡು ಬೇಕು’ ಅಂದರೆ ಯಾತಕ್ಕೆ ಅಂತ ಕೇಳಿ. ರೆಡಿಮೇಡ್ ಪ್ರಾಜೆಕ್ಟ್ ಕೊಳ್ಳೋಕಾದರೆ ಕೊಡಬೇಡಿ. ಹೊಲ ಸುತ್ತೋ ಬಸ್ ಚಾರ್ಜಿಗಾದರೆ ಧಾರಾಳವಾಗಿ ಕೊಡಿ.

– ಸಂಪಾದಕ