ಓದುಗರ ಪ್ರಶ್ನೆ: ಜಪಾನಿನ ಸ್ಟೆನ್ಸಿಲ್ ಚಿತ್ರ, ಕರಾವಳಿಯ ತೌಡು

ಪ್ರಶ್ನೆ: ಪರಿಚಯದವರ ಮನೆಯಲ್ಲಿ ಯೇಸುವಿನ ಕೊನೆಯ ಭೋಜನದ ಚಿತ್ರವೊಂದಿದೆ. ಶಿಷ್ಯರೆಲ್ಲ ಕಿಮೊನೊ ಉಟ್ಟಿದ್ದಾರೆ, ತಟ್ಟೆಯಲ್ಲಿ ಇಡೀ ಮೀನು, ದಪ್ಪ ಕಪ್ಪು ಗೆರೆ, ಮುದುಡಿ ಬಿಡಿಸಿದಂಥ ಕಾಗದ. ಯಾರದಿದು? ಮರದ ಅಚ್ಚೇ?
– ಓದುಗರು, ಬೆಂದೂರು, ಮಂಗಳೂರು

ಉತ್ತರ: ನಿಮ್ಮ ವರ್ಣನೆ ನೋಡಿದರೆ ಸದಾವೊ ವತನಾಬೆ (1913–1996) ಅವರದೇ ಇರಬೇಕು. ಮರದ ಅಚ್ಚಲ್ಲ, ಕೊರೆದ ಕಾಗದದ ಸ್ಟೆನ್ಸಿಲ್. ಕೊರೆದ ಜಾಗದ ಮೂಲಕ ಅಕ್ಕಿಯ ಅಂಟು ಹಚ್ಚುತ್ತಾರೆ; ಅಂಟಿದ್ದಲ್ಲಿ ಬಣ್ಣ ಹಿಡಿಯದು, ಬಣ್ಣ ಹಾಕಿದ ಮೇಲೆ ಅಂಟನ್ನು ತೊಳೆದು ತೆಗೆಯುತ್ತಾರೆ. ಟೋಕಿಯೊದಲ್ಲಿ ಹುಟ್ಟಿದ ವತನಾಬೆ ಹತ್ತನೆಯ ವಯಸ್ಸಿಗೆ ತಂದೆಯನ್ನು ಕಳೆದುಕೊಂಡರು, ಹದಿನೇಳಕ್ಕೆ ಕ್ರೈಸ್ತರಾದರು, ಬಟ್ಟೆಗೆ ಬಣ್ಣ ಹಾಕುವ ಅಂಗಡಿಯಲ್ಲಿ ದುಡಿದರು. ಆಮೇಲೆ ಸಿಕ್ಕ ಗುರು ಕೈಸುಕೆ ಸೆರಿಜಾವಾ (1895–1984). ಒಕಿನಾವಾ ದ್ವೀಪದ ‘ಬಿಂಗಾಟಾ’ ಎಂಬ ಸ್ಟೆನ್ಸಿಲ್ ಬಣ್ಣದ ಬಟ್ಟೆಗಳಿಂದ ಕಲಿತು ಸ್ಟೆನ್ಸಿಲ್ ಬಣ್ಣಗಾರಿಕೆಗೆ ಹೊಸ ಜೀವ ಕೊಟ್ಟವರು ಅವರು. 1956ರಲ್ಲಿ ಜಪಾನ್ ಸರಕಾರ ಅವರನ್ನು ‘ಜೀವಂತ ರಾಷ್ಟ್ರೀಯ ನಿಧಿ’ಗಳ ಸಾಲಿಗೆ ಸೇರಿಸಿತು. ಗುರು ಬಟ್ಟೆಯ ಮೇಲೆ ಮಾಡಿದ್ದನ್ನು ಶಿಷ್ಯ ಕಾಗದಕ್ಕೆ ತಂದು, ಬದುಕಿಡೀ ಬೈಬಲ್ ಕಥೆಗಳನ್ನೇ ಮಾಡಿದರು. ‘ಕಂಚಿನ ಸರ್ಪ’ ಚಿತ್ರಕ್ಕೆ 1958ರಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂತು. ಅಮೆರಿಕದ ಅಧ್ಯಕ್ಷ ಜಾನ್ಸನ್ ಕಾಲದಲ್ಲಿ ಅವರ ಚಿತ್ರಗಳು ಶ್ವೇತಭವನದ ಗೋಡೆಗೂ ಏರಿದವು. ಅವರಿಗೆ ಬೇಕಾಗಿದ್ದದ್ದು ಮಾತ್ರ ಜನಸಾಮಾನ್ಯರು ಕೂಡುವ ಜಾಗದ ಗೋಡೆ.

ತಟ್ಟೆಯ ಮೀನು ನಮ್ಮ ಅಂಜಲೂ ಅಲ್ಲ, ಕಾಣೆಯೂ ಅಲ್ಲ; ‘ತಾಯ್’ ಎಂಬ ಕೆಂಪು ಮೀನು. ‘ಮೆದೆತಾಯ್’ ಎಂದರೆ ಜಪಾನಿಯಲ್ಲಿ ಶುಭ. ಹಾಗಾಗಿ ಹಬ್ಬದೂಟಕ್ಕೆ ತಾಯ್ ಬೇಕೇ ಬೇಕು. ಕಾಗದ ಮುದುಡಿದ್ದು ಹಾಳಾಗಿ ಅಲ್ಲ. ‘ಮೊಮಿಗಾಮಿ’ ಎಂಬ ಈ ಕಾಗದವನ್ನು ಬೇಕೆಂದೇ ಹಿಸುಕಿ ಮಾಡುತ್ತಾರೆ.

ಪ್ರಶ್ನೆ: ಅದೇ ರೀತಿ ಮಾಡಲು ಹೊರಟು ಜುಲೈಯಲ್ಲಿ ಕುಚ್ಚಲಕ್ಕಿ ಹಿಟ್ಟು, ಮಿಲ್ಲಿನ ತೌಡು ಬೇಯಿಸಿ ಅಂಟು ಮಾಡಿದೆ. ಮೊದಲ ಸಲ ಫ್ಯಾನಿನಡಿ ಒಣಗಿ ಹಪ್ಪಳದಂತೆ ಎದ್ದು ಬಂತು. ಎರಡನೇ ಸಲ ಉಪ್ಪು ಜಾಸ್ತಿ ಹಾಕಿದೆ, ಮೂರು ದಿನವಾದರೂ ಜಿಗುಟು ಹೋಗಲಿಲ್ಲ.
– ಓದುಗರು, ಉಡುಪಿ

ಉತ್ತರ: ಎರಡು ಬೇರೆ ಬೇರೆ ತಪ್ಪು. ಮೊದಲನೆಯದು ಅಕ್ಕಿಯದು. ಇಲ್ಲಿ ಬೇಕಾದ್ದು ಅಂಟಕ್ಕಿ, ಜಪಾನಿನವರು ಮೋಚಿ ಮಾಡುವ ಅಕ್ಕಿ; ಆನ್‌ಲೈನಿನಲ್ಲಿ ಹಿಟ್ಟೇ ಸಿಗುತ್ತದೆ. ನಮ್ಮ ಅಕ್ಕಿಯ ಪಿಷ್ಟ ತಣಿದಂತೆ ಗಟ್ಟಿಯಾಗುತ್ತದೆ. ನಿನ್ನೆಯ ನೀರುದೋಸೆ ಮುರಿಯುವುದಿಲ್ಲವೇ, ಅದೇ ಗುಣ. ಕುಚ್ಚಲಕ್ಕಿ ಇನ್ನೂ ಕಷ್ಟ. ಅದರ ತೌಡಿನಲ್ಲಿ ಎಣ್ಣೆಯೂ ಹೆಚ್ಚು, ಕಾಗದಕ್ಕೆ ಜಿಡ್ಡು ಇಳಿಯುತ್ತದೆ. ಬೆಳ್ತಿಗೆ ಅಕ್ಕಿಯ ತಾಜಾ ತೌಡು ಕೇಳಿ ತನ್ನಿ, ಬಟ್ಟೆಯಲ್ಲಿ ಜಾಲಿಸಿ. ತರಿ ಉಳಿದರೆ ಗೆರೆಯ ಅಂಚು ಗರಗಸದಂತೆ ಬರುತ್ತದೆ.

ಅಳತೆ: ಅಂಟಕ್ಕಿ ಹಿಟ್ಟು 2 ಲೋಟ, ಜಾಲಿಸಿದ ತೌಡು 3 ಲೋಟ. ಹಿಡಿದು ನಿಲ್ಲಿಸುವುದು ಹಿಟ್ಟು, ಕೊನೆಗೆ ನೀರಿನಲ್ಲಿ ಬಿಟ್ಟುಕೊಡುವುದು ತೌಡು. ತೌಡು ಮಿತಿಮೀರಿದರೆ ಅಂಟು ಪುಡಿಪುಡಿ, ಹಿಟ್ಟು ಮಿತಿಮೀರಿದರೆ ಬಿರುಕು. ನೀರು ಚಿಮುಕಿಸಿ ಕಡುಬಿನ ಹಿಟ್ಟಿನ ಹದಕ್ಕೆ ನಾದಿ, ಉದ್ದಿನ ವಡೆಯಂತೆ ನಡುವೆ ತೂತಿಟ್ಟು, ಇಡ್ಲಿ ಪಾತ್ರೆಯಲ್ಲಿ ಬಟ್ಟೆ ಹಾಸಿ ಒಂದು ಗಂಟೆ ಬೇಯಿಸಿ. ಮುರಿದಾಗ ಒಳಗೆ ಬಿಳಿ ಹಿಟ್ಟು ಕಂಡರೆ ಇನ್ನೂ ಬೇಯಬೇಕು. ಬಿಸಿ ಇರುವಾಗಲೇ ಬಿಸಿನೀರು ಸ್ವಲ್ಪಸ್ವಲ್ಪವೇ ಹಾಕಿ ಗಂಟಿಲ್ಲದಂತೆ ಅರೆಯಿರಿ. ಬಳಿಕ ಒಂದು ಚಮಚ ಸುಣ್ಣವನ್ನು ನೀರಿನಲ್ಲಿ ಕದಡಿ ಸೇರಿಸಿದರೆ ಕಂದು ಬಣ್ಣ ಹಳದಿಗೆ ತಿರುಗುತ್ತದೆ. ಸುಣ್ಣವಿದ್ದರೆ ಅಂಟು ಬೇಗ ಹಳಸದು. ಎಲೆ ಅಡಿಕೆಯ ಸುಣ್ಣ ಸಾಕು, ಪರಿಮಳ ಬೆರೆಸಿದ್ದು ಬೇಡ.

ಇನ್ನು ಉಪ್ಪು. ಅಂಟು ತೀರ ಒಣಗಿ ಸಿಡಿಯದಿರಲೆಂದು ಉಪ್ಪು ಹಾಕುವುದು. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಫೆಬ್ರವರಿಯಲ್ಲಿ ಈ ಅಳತೆಗೆ ಎರಡು ದೊಡ್ಡ ಚಮಚ ಸರಿ. ಆಟಿಯ ಮಳೆಯಲ್ಲಿ ನಮ್ಮ ಗಾಳಿಯೇ ಒದ್ದೆ, ಅರ್ಧ ಚಮಚವೂ ಹೆಚ್ಚಾದೀತು. ಬೇರೆಡೆಯ ಅಳತೆಯನ್ನು ಕಣ್ಣುಮುಚ್ಚಿ ನಂಬಬಾರದ ಜಾಗ ಇದೊಂದೇ. ಫ್ಯಾನನ್ನು ನೇರ ತಿರುಗಿಸಬೇಡಿ. ಮೇಲ್ಪದರ ಮೊದಲೇ ಒಣಗಿ ಸೆಳೆಯುತ್ತದೆ. ಹಚ್ಚುವಾಗ ಹದ ಉದ್ದಿನ ದೋಸೆಹಿಟ್ಟಿಗಿಂತ ತುಸು ಗಟ್ಟಿ ಇರಲಿ, ಪದರ ಒಂದು ಮಿಲಿಮೀಟರಿನೊಳಗೆ.

ಪ್ರಶ್ನೆ: ಸ್ಟೆನ್ಸಿಲ್ ಕೊರೆದಾಗ ನಡುವಿನ ತುಂಡು ಉದುರಿ ಬೀಳುತ್ತದೆ.
– ಓದುಗರು, ಮಲ್ಪೆ

ಉತ್ತರ: ರಂಗೋಲಿ ಅಚ್ಚಿನ ತಟ್ಟೆ ನೋಡಿ, ಗೆರೆ ಎಲ್ಲೂ ಪೂರ್ತಿ ಸುತ್ತಿ ಬರುವುದಿಲ್ಲ, ನಡುನಡುವೆ ಸೇತುವೆ ಬಿಟ್ಟಿರುತ್ತಾರೆ. ಜಪಾನಿನಲ್ಲಿ ಕೊರೆಯುವಾಗ ಸೇತುವೆ ಬಿಟ್ಟು, ಮೇಲೆ ತೆಳು ರೇಷ್ಮೆ ಬಲೆಯನ್ನು ಅರಗಿನಂಥ ‘ಉರುಶಿ’ಯಿಂದ ಅಂಟಿಸಿ, ಆಮೇಲೆ ಸೇತುವೆ ಕತ್ತರಿಸುತ್ತಾರೆ. ನಿಮಗೆ ಸ್ಕ್ರೀನ್ ಪ್ರಿಂಟಿಂಗ್ ಬಟ್ಟೆ, ವಾರ್ನಿಶ್ ಆದೀತು. ಸೊಳ್ಳೆಪರದೆ ಬೇಡ, ಅದರ ಎಳೆ ದಪ್ಪ, ಗುರುತು ಬೀಳುತ್ತದೆ. ಸ್ಟೆನ್ಸಿಲ್‌ಗೆ ಅವರು ಬಳಸುವುದು ಪರ್ಸಿಮನ್ ಕಾಯಿಯ ಒಗರು ರಸದಲ್ಲಿ ಎರಡು ಮೂರು ಪದರ ಅಂಟಿಸಿ ಹೊಗೆ ಹಿಡಿಸಿದ ಕಾಗದ. ಹಳೆಯ ಎಕ್ಸ್‌ರೇ ಫಿಲ್ಮ್ ಕಲಿಯಲು ಸಾಕು.

ಪ್ರಶ್ನೆ: ತೊಳೆಯುವಾಗ ಕಾಗದವೇ ಹರಿಯಿತು, ಬಣ್ಣವೂ ಹೋಯಿತು.
– ಓದುಗರು, ಕದ್ರಿ, ಮಂಗಳೂರು

ಉತ್ತರ: ಡ್ರಾಯಿಂಗ್ ಶೀಟ್ ಇದಕ್ಕಲ್ಲ, ಅದರ ನಾರು ಗಿಡ್ಡ. ಜಪಾನಿನ ಕೈಕಾಗದ ‘ವಾಶಿ’ ದುಬಾರಿಯಾದರೆ ನೇಪಾಳದ ಲೋಕ್ತಾ ಕಾಗದ ತನ್ನಿ. ಅದಕ್ಕೆ ಮೊದಲೇ ಕೊಂಜಾಕ್ ಎಂಬ ಗಡ್ಡೆಯ ಪುಡಿಯ ಲೇಪ ಬೇಕು: ಒಂದು ಚಮಚ ಪುಡಿ ಅರ್ಧ ಲೀಟರ್ ನೀರಿಗೆ, ಕೆಲ ಗಂಟೆ ನೆನೆಸಿ, ಎರಡೂ ಬದಿಗೆ ಬ್ರಶ್ಶಿನಲ್ಲಿ ಹಚ್ಚಿ ಒಣಗಿಸುವುದು. ಕೊಂಜಾಕ್ ನಮ್ಮ ಸುವರ್ಣಗಡ್ಡೆಯ ದಾಯಾದಿ, ಆದರೆ ಸುವರ್ಣಗಡ್ಡೆ ಪುಡಿಯಿಂದ ಈ ಕೆಲಸವಾಗದು.

ಬಣ್ಣವನ್ನು ಹಿಡಿಯುವುದು ಸೋಯಾ ಹಾಲಿನ ಪ್ರೋಟೀನು. ಒಂದು ಹಿಡಿ ಕಾಳು ರಾತ್ರಿ ನೆನೆಸಿ, ಅರೆದು, ನೀರುಮಜ್ಜಿಗೆಯಷ್ಟು ತೆಳ್ಳಗೆ ಸೋಸಿ, ನುಣ್ಣಗೆ ಅರೆದ ವರ್ಣಪುಡಿಗೆ ಬೆರೆಸಿ. ಅಂಗಡಿಯ ಸಿಹಿ ಸೋಯಾ ಹಾಲು ಬೇಡ. ಬೆಳಗ್ಗೆ ಮಾಡಿದ್ದನ್ನು ಅಂದೇ ಮುಗಿಸಿ. ನಮ್ಮ ಸೆಕೆಗೆ ಮಧ್ಯಾಹ್ನವೇ ಹುಳಿ ಬರುತ್ತದೆ, ಹುಳಿ ಬಂದದ್ದು ಹಿಡಿಯದು. ನಿಮ್ಮ ಬಣ್ಣ ಹೋದದ್ದು ಬಹುಶಃ ಅವಸರದಿಂದ. ಹಚ್ಚಿದ ಮೇಲೆ ವಾರವಾದರೂ ಬಿಡಬೇಕು, ಮಳೆಗಾಲದಲ್ಲಿ ಎರಡು ವಾರ. ತೊಳೆಯಲು ಅಗಲದ ಟ್ರೇಯಲ್ಲಿ ನೀರು ತುಂಬಿ ಚಿತ್ರವನ್ನು ತೇಲಬಿಡಿ. ಬೆರಳು ಹಾಕಬೇಡಿ. ಅಂಟು ತಾನಾಗಿ ಉಬ್ಬಿ ಜಾರುವವರೆಗೆ ಒಂದೆರಡು ಗಂಟೆ, ಹಟ ಮಾಡಿದರೆ ನೀರು ಬದಲಿಸಿ. ಎತ್ತುವಾಗ ಅಡಿಗೆ ಪ್ಲಾಸ್ಟಿಕ್ ಹಾಳೆ ತೂರಿಸಿ, ಅದರ ಸಮೇತ ಎತ್ತಿ.